ಬಾಣಂತಿ ಮರದ ಗುಲಾಬಕ್ಕ

ಗುಲಾಬಕ್ಕ ನಡೆಯುವಾಗ ಅವರ ತಲೆ ಅಲ್ಲಾಡುತ್ತಿರಲಿಲ್ಲ. ಮೂವತ್ತೈದು ವರ್ಷ ಮೀನಿನ ಬುಟ್ಟಿ ಹೊತ್ತು ತಿರುಗಿದ ಕುತ್ತಿಗೆ ಅದು. ಬುಟ್ಟಿ ಇಳಿಸಿ ಐದಾರು ವರ್ಷವಾಗಿದ್ದರೂ ಕುತ್ತಿಗೆಗೆ ಆ ಸುದ್ದಿ ತಲುಪಿರಲಿಲ್ಲ. ಬಲಕ್ಕೆ ನೋಡಬೇಕಾದರೆ ಕಣ್ಣು ಮಾತ್ರ ಬಲಕ್ಕೆ ಹೋಗುತ್ತಿತ್ತು. ಮರದ ತುದಿ ನೋಡಬೇಕಾದರೆ ಸೊಂಟದಿಂದ ಹಿಂದಕ್ಕೆ ಬಾಗಿ ಇಡೀ ಮೈಯನ್ನೇ ಮೇಲಕ್ಕೆತ್ತುತ್ತಿದ್ದರು. ಅವರ ಹಿಂದೆ ನಾವು ಹನ್ನೆರಡು ಹದಿನಾಲ್ಕು ಜನ ದುರ್ಬೀನು ಹಿಡಿದು, ಎಲ್ಲಿ ಎಲ್ಲಿ ಎಂದು ಕೋಳಿಗಳ ಹಾಗೆ ಕುತ್ತಿಗೆ ತಿರುಗಿಸುತ್ತ ಹೋಗುತ್ತಿದ್ದೆವು. ನಮ್ಮನ್ನು ಕಂಡು ಹಾರಿಹೋಗುವ ಹಕ್ಕಿ ಅವರನ್ನು ಕಂಡು ಹಾರುತ್ತಿರಲಿಲ್ಲ. ಹಕ್ಕಿಗೆ ಹೆದರಿಕೆ ಮನುಷ್ಯನದ್ದಲ್ಲ, ಅಲ್ಲಾಡುವ ತಲೆಯದ್ದು ಎಂದು ನನಗೆ ತಿಳಿದದ್ದು ಅವರಿಂದ.

ನನ್ನದು ಕುಂದಾಪುರದ ಪೇಟೆಯಲ್ಲಿ ಒಂದು ಮದ್ದಿನಂಗಡಿ. ವಾರದ ಆರು ದಿನ ಜ್ವರ, ಶೀತ, ಸಕ್ಕರೆ ಕಾಯಿಲೆ ಎಂದು ಬರುವವರಿಗೆ ಗುಳಿಗೆ ಕೊಟ್ಟು ಏಳನೆಯ ದಿನ ಕಾಡಿಗೆ ಓಡುವವನು ನಾನು. ನನ್ನ ಹಾಗೆಯೇ ತಲೆಕೆಟ್ಟ ಕೆಲವರನ್ನು ಸೇರಿಸಿ ಭಾನುವಾರದ ಹಕ್ಕಿ ನಡಿಗೆ ಎಂದು ಶುರು ಮಾಡಿದ್ದೆ. ಪುಸ್ತಕ ಓದಿದ್ದೆ, ಹೆಸರುಗಳನ್ನು ಬಾಯಿಪಾಠ ಮಾಡಿದ್ದೆ, ಅದರ ಜಂಬವೂ ಬೇಕಾದಷ್ಟಿತ್ತು. ಅಂಗಡಿಯ ಗೋಡೆಗೆ ಘಟ್ಟದ ಹಕ್ಕಿಗಳ ದೊಡ್ಡ ಪಟವೊಂದನ್ನು ತೂಗುಹಾಕಿದ್ದೆ. ಕೆಮ್ಮಿನ ಮದ್ದಿಗೆ ಬಂದವರು ಅದನ್ನು ನೋಡಿ ಏನಾದರೂ ಕೇಳಲಿ, ನಾನು ಉತ್ತರ ಹೇಳುತ್ತೇನೆ ಎಂದು ಕಾಯುತ್ತಿದ್ದೆ. ಯಾರೂ ಕೇಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮೊಣಕಾಲಿಗೆ ಹಚ್ಚುವ ಮುಲಾಮಿಗೆ ಬಂದ ಹೆಂಗಸೊಬ್ಬರು ಮುಲಾಮು ಕೈಗೆ ಸಿಕ್ಕಿದ ಮೇಲೂ ಹೋಗಲಿಲ್ಲ. ಅರವತ್ತರ ಆಚೆಯ ವಯಸ್ಸು, ಕಪ್ಪು ಗಟ್ಟಿ ಮೈ, ಹಣೆಯಲ್ಲಿ ಕಾಸಗಲ ಕುಂಕುಮ. ಪಟವನ್ನೇ ನೋಡುತ್ತ ನಿಂತಿದ್ದರು.

"ಹ್ವಾಯ್, ಈ ಹಕ್ಕಿ ಕೂತದ್ದ್ ಸಮ ಇಲ್ಲೆ," ಎಂದರು.

ನಾನು ಕನ್ನಡಕದ ಮೇಲಿಂದ ನೋಡಿದೆ. ಅವರ ಬೆರಳು ಕಾಕರಣೆ ಹಕ್ಕಿಯ ಮೇಲಿತ್ತು. ದಟ್ಟ ಕಾಡಿನ ಹಕ್ಕಿ, ಹೊಟ್ಟೆ ಕೆಂಡದಷ್ಟು ಕೆಂಪು. "ಎಂತ ಸಮ ಇಲ್ಲ?" ಎಂದು ಸ್ವಲ್ಪ ಗಡುಸಾಗಿಯೇ ಕೇಳಿದೆ.

"ಇದ್ ಹೀಂಗ್ ಎದಿ ತೋರ್ಸ್ಕಂಡ್ ಕೂಕಂತಿಲ್ಲೆ ಮಾರಾಯ್ರೆ. ಜನ ಕಂಡ್ರ್ ಸಾಕ್, ಬೆನ್ನ್ ತಿರ್ಗ್ಸತ್ತ್. ಕೆಂಪ್ ಕಂಡ್ರ್ ಯಾರಾರೂ ಹಿಡಿತ್ರ್ ಅಂದೇಳಿ ಅದ್ಕೂ ಗೊತ್ತಿತ್ತ್."

ಹನ್ನೊಂದು ವರ್ಷ ಕಾಡು ಸುತ್ತಿ ನಾನು ಆ ಹಕ್ಕಿಯನ್ನು ಕಂಡದ್ದು ಎರಡೇ ಸಲ. ಎರಡು ಸಲವೂ ಕಂಡದ್ದು ಬೆನ್ನೇ. ನನ್ನ ದುರದೃಷ್ಟ ಎಂದುಕೊಂಡಿದ್ದೆ. ಈ ಹೆಂಗಸು ಅದನ್ನು ಪಕ್ಕದ ಮನೆಯವರ ಸ್ವಭಾವ ಹೇಳಿದಂತೆ ಹೇಳುತ್ತಿದ್ದಾರೆ. ನೀವೆಲ್ಲಿ ನೋಡಿದಿರಿ ಎಂದು ಕೇಳಿದೆ. "ದಿನಾ ಕಾಂತಿದ್ದೆ. ಮೀನ್ ಹೊತ್ಕಂಡ್ ಹೋಪು ದಾರಿಯಂಗೆ," ಎಂದರು. ಅವತ್ತು ಅಂಗಡಿಗೆ ಬಂದ ಮುಂದಿನ ನಾಲ್ಕು ಗಿರಾಕಿಗಳನ್ನು ನಾನು ಕಾಯಿಸಿದೆ.

ಗುಲಾಬಕ್ಕನ ಮನೆ ಗಂಗೊಳ್ಳಿಯಲ್ಲಿ, ಕಡಲಿಗೆ ನಾಲ್ಕು ಹೆಜ್ಜೆ. ಬಂದರಿನಲ್ಲಿ ಬೆಳಗಿನ ಮೀನು ಕೊಂಡು, ಕೊಲ್ಲೂರಿನ ಕಡೆ ಹೋಗುವ ಮೊದಲ ಬಸ್ಸಿನ ಹಿಂದಿನ ಬಾಗಿಲಲ್ಲಿ ಬುಟ್ಟಿ ಇಟ್ಟುಕೊಂಡು, ವಂಡ್ಸೆ ದಾಟಿದ ಮೇಲೆ ಒಂದು ಸ್ಟಾಪಿನಲ್ಲಿ ಇಳಿದು, ಅಲ್ಲಿಂದ ಕಾಡಿನ ಒಳದಾರಿ ಹಿಡಿದು ದೂರದೂರದ ಮನೆಗಳಿಗೆ ಮೀನು ಕೊಟ್ಟು ಬರುತ್ತಿದ್ದರು. ಯಾವ ಸ್ಟಾಪು ಎಂದು ನಾನು ಬರೆಯುವುದಿಲ್ಲ. ಯಾಕೆ ಎಂಬುದು ಮುಂದೆ ನಿಮಗೇ ತಿಳಿಯುತ್ತದೆ. ಮೊಣಕಾಲು ಸೋತ ಮೇಲೆ ಬುಟ್ಟಿ ಬಿಟ್ಟರು. ಸೊಸೆ ಸವಿತಾ ಕುಂದಾಪುರದ ಮಾರ್ಕೆಟ್ಟಿನಲ್ಲಿ ಕುಳಿತು ವ್ಯಾಪಾರ ಮಾಡುತ್ತಿದ್ದಳು. ಭಾರ ಹೊರುವುದು ಕೂಡದು, ಬರಿಗೈಯಲ್ಲಿ ಮೆಲ್ಲಗೆ ನಡೆದರೆ ಮೊಣಕಾಲಿಗೂ ಒಳ್ಳೆಯದು ಎಂದು ಮದ್ದಿನಂಗಡಿಯವನ ಗತ್ತಿನಲ್ಲಿ ಹೇಳಿ, ಅವರನ್ನು ನಮ್ಮ ಭಾನುವಾರದ ನಡಿಗೆಗೆ ಕರೆದೆ. "ಹಕ್ಕಿ ಕಾಂಬುಕೇ ಅಂದೇಳಿ ಬಸ್ ಹತ್ತಿ ಹೋಪುದಾ?" ಎಂದು ಬಿದ್ದುಬಿದ್ದು ನಕ್ಕರು. ಆದರೆ ಬಂದರು. ಎರಡು ವಾರ ಕಳೆಯುವುದರೊಳಗೆ ನಡಿಗೆ ಅವರದ್ದಾಯಿತು. ನಾನು ಅವರ ಹಿಂದೆ ಪಟ್ಟಿ ಬರೆಯುವ ಗುಮಾಸ್ತನಾದೆ.

ಅವರ ಮೊದಲ ಕಾನೂನು ಬೋಣಿ. ಮೊದಲ ಗಿರಾಕಿಗೆ ಮೀನು ಕೊಡುವ ತನಕ ಆ ಮನೆಯ ಅಂಗಳ ಬಿಟ್ಟು ಏಳಬಾರದು ಎಂಬುದು ಅವರ ವ್ಯಾಪಾರದ ಕ್ರಮ. ಅದನ್ನೇ ಕಾಡಿಗೂ ತಂದರು. ಕಾಲುದಾರಿಯ ಬಾಯಲ್ಲಿ ಎಲ್ಲರೂ ನಿಲ್ಲಬೇಕು. ಮೊದಲು ಕಂಡ ಹಕ್ಕಿ ಯಾವುದೇ ಇರಲಿ, ಅದನ್ನು ಎಲ್ಲರೂ ಸಾವಕಾಶವಾಗಿ ನೋಡಿದ ಮೇಲೆಯೇ ಮುಂದಿನ ಹೆಜ್ಜೆ. ಒಂದು ಭಾನುವಾರ ಮೊದಲು ಕಂಡದ್ದು ಕಾಗೆ. ನಮ್ಮ ಗುಂಪಿನ ಶೀನ ಮಾಷ್ಟ್ರು, ನಿವೃತ್ತ ಹೆಡ್‌ಮಾಸ್ತರರು, "ಕಾಗೆ ನೋಡಲಿಕ್ಕೆ ನಾನು ಇಷ್ಟು ಬೇಗ ಎದ್ದು ಬರಬೇಕಿತ್ತೇ?" ಎಂದು ಸಿಡುಕಿದರು.

"ಬೋಣಿ ಗಿರಾಕಿ ಬಡವ ಅಂದೇಳಿ ಬಿಟ್ಟ್ ಹೋತ್ರಾ ಮಾಷ್ಟ್ರೆ? ಕಾಣಿ, ಕಾಣಿ," ಎಂದರು ಗುಲಾಬಕ್ಕ.

ಬೇರೆ ದಾರಿ ಇಲ್ಲದೆ ಕಾಗೆಯನ್ನೇ ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿನಲ್ಲಿ ಅದು ಪಕ್ಕದ ಮರಕ್ಕೆ ಹಾರಿ, ಅಲ್ಲಿ ಬಾಯಿ ತೆರೆದು ಕೂತಿದ್ದ ಕೋಗಿಲೆ ಮರಿಗೆ ತುತ್ತು ಕೊಟ್ಟಿತು. ಮಾಷ್ಟ್ರು ನಲವತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ ವಿಷಯ ಅದು. ಕಣ್ಣಾರೆ ಕಂಡದ್ದು ಅವತ್ತೇ ಮೊದಲು. ಆಮೇಲೆ ಅವರು ಬೋಣಿಯ ವಿಷಯದಲ್ಲಿ ಗುಲಾಬಕ್ಕನಿಗಿಂತ ಕಟ್ಟುನಿಟ್ಟಾದರು.

ಎರಡನೆಯ ಕಾನೂನು ನನಗೆ ಕಷ್ಟದ್ದಾಗಿತ್ತು. ನಡಿಗೆ ಮುಗಿದ ಮೇಲೆ ನಾನು ಆ ದಿನದ ಹಕ್ಕಿಗಳ ಪಟ್ಟಿ ಓದುತ್ತಿದ್ದೆ. ಪಟ್ಟಿ ಉದ್ದವಿದ್ದಷ್ಟು ನನಗೆ ಖುಷಿ. ಒಮ್ಮೆ ದೂರದಿಂದ ಒಂದು ಕೂಗು ಕೇಳಿದ್ದಕ್ಕೇ ಅಪರೂಪದ ಗಿಡುಗವೊಂದನ್ನು ಸೇರಿಸಿಬಿಟ್ಟಿದ್ದೆ. ಗುಲಾಬಕ್ಕ ತಡೆದರು.

"ಕಂಡ್ರಿಯಾ?"

"ಕೂಗು ಕೇಳಿತಲ್ಲ ಗುಲಾಬಕ್ಕ."

"ಹಂಗಾರೆ ಕೇಂಡೆ ಅಂದೇಳಿ ಬರಿನಿ. ನಿನ್ನಿ ಮೀನ್‌ನ್ನ ಇವತ್ತಿಂದ್ ಅಂದೇಳಿ ಒಂದ್ ದಿನ ಮಾರ್ಲಕ್ಕ್. ಮರ್ದಿನ ಅದೇ ಮನಿ ಬಾಗ್ಲಂಗೆ ಯಾವ್ ಬಾಯಂಗೆ ಕೂಗುದ್?"

ನಾನು ಗಿಡುಗವನ್ನು ಪಟ್ಟಿಯಿಂದ ಹೊಡೆದುಹಾಕಿದೆ. ಹೇಳಿದ ಹಾಗೆಯೇ ನಡೆದವರು ಅವರು. ಆ ಕಾಡಿನ ಮನೆಗಳ ಹೆಂಗಸರು ಗುಲಾಬಕ್ಕನ ಮೀನಿನ ಕಿವಿರು ಎತ್ತಿ ನೋಡಿದವರಲ್ಲ. ನಿನ್ನೆಯ ಮೀನಾದರೆ ಗುಲಾಬಕ್ಕನೇ ಮೊದಲು ಹೇಳುತ್ತಿದ್ದರಂತೆ. ನಮ್ಮೊಟ್ಟಿಗೆ ನಡೆಯುವಾಗಲೂ ಯಾವುದಾದರೂ ಮನೆಯ ಅಂಗಳ ಹಾದರೆ ಒಳಗಿನಿಂದ ಮಜ್ಜಿಗೆಯ ಚೊಂಬು ಹೊರಗೆ ಬರುತ್ತಿತ್ತು. ನಮಗೂ ಸಿಗುತ್ತಿತ್ತು, ಅದು ಗುಲಾಬಕ್ಕನ ಲೆಕ್ಕದ್ದು.

ಬೇಸಗೆಯಲ್ಲಿ ಅವರ ನಡಿಗೆ ಒಂಬತ್ತಕ್ಕೆಲ್ಲ ಮುಗಿಯಬೇಕು. "ಬಿಸ್ಲ್ ಏರ್ದ್ ಮೇಲೆ ಮೀನೂ ಕೆಡತ್ತ್, ಮನ್ಷರ ತಲಿಯೂ ಕೆಡತ್ತ್," ಎನ್ನುತ್ತಿದ್ದರು. ನಮ್ಮ ಕಡೆಯ ಏಪ್ರಿಲ್ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಾಡಿನ ಒಳಗೂ ಗಾಳಿ ನಿಂತುಬಿಡುತ್ತದೆ, ಮರದ ನೆರಳಲ್ಲಿ ಸುಮ್ಮನೆ ನಿಂತರೂ ಬೆನ್ನ ಮೇಲೆ ಬೆವರು ಇಳಿಯುತ್ತದೆ. ಹಕ್ಕಿಗಳೂ ಕೊಕ್ಕು ತೆರೆದುಕೊಂಡು ಎಲೆಗಳ ಒಳಗೆ ಸೇರಿಬಿಡುತ್ತವೆ. ಆ ಹೊತ್ತಿನಲ್ಲಿ ಅವುಗಳನ್ನು ಎಬ್ಬಿಸುವುದು ಉಂಡು ಮಲಗಿದವರ ಬಾಗಿಲು ತಟ್ಟಿದ ಹಾಗೆ ಎಂಬುದು ಅವರ ಅಭಿಪ್ರಾಯವಾಗಿತ್ತು.

ಮಂಗಟ್ಟೆಯ ಗೂಡು ತೋರಿಸಿದ್ದು ನಮ್ಮ ಪರಿಚಯದ ಎರಡನೆಯ ವರ್ಷ. ದೊಡ್ಡ ಮಂಗಟ್ಟೆ ಎಂದರೆ ಹದ್ದಿಗಿಂತ ದೊಡ್ಡ ಹಕ್ಕಿ. ಹಳದಿ ಕೊಕ್ಕು, ಅದರ ಮೇಲೊಂದು ಶಿರಸ್ತ್ರಾಣ. ಗೂಡು ಕಟ್ಟುವ ಕಾಲದಲ್ಲಿ ಹೆಣ್ಣು ಎತ್ತರದ ಮರದ ಪೊಟರೆಯೊಳಗೆ ಸೇರಿ ಬಾಗಿಲನ್ನು ಒಳಗಿನಿಂದ ಮೆತ್ತಿಕೊಂಡುಬಿಡುತ್ತದೆ. ಕೊಕ್ಕು ತೂರುವಷ್ಟು ಸೀಳು ಮಾತ್ರ ಉಳಿಯುತ್ತದೆ. ಮೂರು ತಿಂಗಳು ಅದು ಹೊರಗೆ ಬರುವುದಿಲ್ಲ. ಗಂಡು ಹಣ್ಣು ತಂದು ಆ ಸೀಳಿನಲ್ಲಿ ಕೊಟ್ಟರೆ ಉಂಟು, ಇಲ್ಲದಿದ್ದರೆ ತಾಯಿಗೂ ಮರಿಗೂ ಉಪವಾಸ.

ಇಷ್ಟನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಗುಲಾಬಕ್ಕ ಒಂದೇ ಮಾತಿನಲ್ಲಿ ಹೇಳಿದರು: "ಒಳ್ಗ್ ಬಾಣಂತಿ ಇತ್ತ್."

ಮೀನು ಮಾರುವವರಲ್ಲಿ ಒಂದು ಕ್ರಮವಿತ್ತಂತೆ. ಬಾಣಂತಿ ಇರುವ ಮನೆಯ ಎದುರು ನಿಂತು ಕೂಗಬಾರದು. ಮನೆಗೆ ಸುತ್ತು ಹಾಕಿ ಹಿತ್ತಲಿಗೆ ಹೋಗಿ, ಬುಟ್ಟಿ ಇಳಿಸಿ, ಯಾರಾದರೂ ತಾವಾಗಿ ಹೊರಗೆ ಬರುವ ತನಕ ಕಾಯಬೇಕು. ಬಾಣಂತಿಗೆ ಒಳ್ಳೆಯದೆಂದು ಸಣ್ಣ ಶಾರ್ಕ್ ಮರಿಗಳನ್ನು ಬುಟ್ಟಿಯ ಅಡಿಯಲ್ಲಿ ಬೇರೆ ಇಟ್ಟುಕೊಂಡು ಹೋಗುತ್ತಿದ್ದರು. ಒಳಗೆ ಇಣುಕುವುದಿಲ್ಲ, ಮಗು ಹೇಗಿದೆ ಎಂದು ಕೇಳುವುದಿಲ್ಲ. ಆ ಮನೆಯಲ್ಲಿ ಬಾಣಂತಿ ಇದ್ದಾಳೆ ಎಂದು ಮುಂದಿನ ಮನೆಯಲ್ಲಿ ಹೇಳುವುದೂ ಇಲ್ಲ. ಇದೇ ಕ್ರಮವನ್ನು ಅವರು ಆ ಮರಕ್ಕೂ ಹಾಕಿದರು. ದೂರದ ಒಂದು ಬಂಡೆಯ ಹಿಂದೆ ಕೂರಬೇಕು, ಮಾತಿಲ್ಲ, ಹತ್ತು ನಿಮಿಷಕ್ಕೆ ಎದ್ದು ಬರಬೇಕು. ಗಂಡು ಹಕ್ಕಿ ರೆಕ್ಕೆಯ ಸದ್ದು ಮಾಡುತ್ತ ಬಂದರೆ, "ಬಾಣಂತಿ ಗಂಡ ಬಂದ," ಎಂದು ತುಟಿ ಅಲುಗದಂತೆ ಹೇಳುವರು. ಅವನು ಗಂಟಲಿನಿಂದ ಅತ್ತಿಹಣ್ಣು ಒಂದೊಂದಾಗಿ ಹೊರಗೆ ತಂದು ಸೀಳಿನೊಳಗೆ ಕೊಡುವುದನ್ನು ಎಣಿಸುವರು. ಎಣಿಸುವಾಗ ಅವರ ಮುಖದಲ್ಲಿ ಕಾಣುತ್ತಿದ್ದ ಸಮಾಧಾನವನ್ನು ನಾನು ಹಕ್ಕಿಗಿಂತ ಹೆಚ್ಚು ನೋಡಿದ್ದೇನೆ.

ಈಗ ನನ್ನ ಕೆಲಸ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದನ್ನು ಬಿಟ್ಟರೆ ಗುಲಾಬಕ್ಕನ ಕತೆ ಇಲ್ಲ. ಮೂರನೆಯ ವರ್ಷದ ಏಪ್ರಿಲಿನಲ್ಲಿ ಗಂಡು ಮಂಗಟ್ಟೆ ಕೊಕ್ಕಿನ ತುದಿಯಲ್ಲಿ ಹಣ್ಣು ಹಿಡಿದು ಪೊಟರೆಯ ಎದುರು ನಿಂತ ಒಂದು ಫೋಟೊ ನನಗೆ ಸಿಕ್ಕಿತು. ಜನ್ಮದಲ್ಲಿ ಒಮ್ಮೆ ಸಿಗುವಂಥದ್ದು. ತಡೆಯಲಾರದೆ ಹಕ್ಕಿ ನೋಡುವವರ ವಾಟ್ಸಾಪ್ ಗುಂಪೊಂದಕ್ಕೆ ಹಾಕಿದೆ. ಹೊಗಳಿಕೆಯೋ ಹೊಗಳಿಕೆ. ಇಡೀ ದಿನ ಗಿರಾಕಿಗಳ ಚೀಟಿ ನೋಡುವುದಕ್ಕಿಂತ ಫೋನು ನೋಡಿದ್ದೇ ಹೆಚ್ಚು. ಸಂಜೆ ಒಬ್ಬರು, ಗುರುತಿಲ್ಲದವರು, ತುಂಬ ವಿನಯದಿಂದ ಬರೆದರು: ಸಾರ್, ಜಾಗ ನನಗೊಬ್ಬನಿಗೆ ಹೇಳಿ, ಯಾರಿಗೂ ತಿಳಿಸುವುದಿಲ್ಲ. ಒಬ್ಬರಿಗೆ ತಾನೇ ಎಂದು ಬಸ್ ಸ್ಟಾಪಿನಿಂದ ಹಿಡಿದು ಬಂಡೆಯ ತನಕ ದಾರಿ ಬರೆದು ಕಳಿಸಿದೆ. ಅವರು ನನ್ನನ್ನು ಗುರುಗಳೇ ಎಂದು ಕರೆದಿದ್ದರು.

ಮುಂದಿನ ಭಾನುವಾರ ನಾವು ಹದಿಮೂರು ಜನ. ಬೆಳಗ್ಗೆ ಏಳಕ್ಕೇ ಅಂಗಿ ಮೈಗೆ ಅಂಟಿತ್ತು. ಬೋಣಿಗೆ ಮಡಿವಾಳ ಹಕ್ಕಿ ಆಯಿತು. ಎಂಟೂವರೆಗೆ ಬಂಡೆಯ ಹತ್ತಿರ ಬಂದಾಗ ಗುಲಾಬಕ್ಕ ನಿಂತರು. ಬಾಣಂತಿ ಮರದ ಬುಡದಲ್ಲಿ ಐದು ಜನ ಕೂತಿದ್ದರು. ತೋಳುದ್ದದ ಕ್ಯಾಮೆರಾಗಳು, ಮುಕ್ಕಾಲಿಗಳು, ಬಿಸ್ಕತ್ತಿನ ಪೊಟ್ಟಣ. ಒಬ್ಬ ಫೋನಿನಲ್ಲಿ ಮಂಗಟ್ಟೆಯ ಕೂಗನ್ನು ಮತ್ತೆ ಮತ್ತೆ ಹಾಕುತ್ತಿದ್ದ. ಮೂರು ದಿನದಿಂದ ಬರುತ್ತಿದ್ದಾರೆಂದು ಆಮೇಲೆ ತಿಳಿಯಿತು. ದೂರದ ಒಂದು ಒಣಗಿದ ಮರದಲ್ಲಿ ಗಂಡು ಹಕ್ಕಿ ಕೂತಿತ್ತು. ಗಂಟಲು ಉಬ್ಬಿತ್ತು, ತುಂಬ ಹಣ್ಣು ತಂದಿತ್ತು. ಎರಡು ಸಲ ರೆಕ್ಕೆ ಬಿಚ್ಚಿತು, ಎರಡು ಸಲವೂ ಮತ್ತೆ ಅಲ್ಲೇ ಕೂತಿತು. ಪೊಟರೆಯ ಸೀಳಿನಲ್ಲಿ ಹೆಣ್ಣಿನ ಕೊಕ್ಕಿನ ತುದಿ ಕಾಣುತ್ತಿತ್ತು.

ಗುಲಾಬಕ್ಕನ ಕಣ್ಣು ನನ್ನ ಕಡೆ ಬಂತು.

"ನಾನೇ ಹೇಳಿದ್ದು ಗುಲಾಬಕ್ಕ. ಒಬ್ಬರಿಗೆ," ಎಂದೆ.

ಅವರು ಬೈಯುತ್ತಾರೆ ಎಂದುಕೊಂಡೆ. ಬಂದರಿನಲ್ಲಿ ಗಂಡಸರ ನಡುವೆ ನಿಂತು ಮೀನು ಕೊಂಡ ಬಾಯಿ ಅದು, ಆ ಐವರನ್ನೂ ನನ್ನನ್ನೂ ಒಟ್ಟಿಗೆ ಓಡಿಸಬಹುದಿತ್ತು. ಆದರೆ ಬಾಣಂತಿ ಎದುರು ಕೂಗುವ ಹಾಗಿಲ್ಲವಲ್ಲ. ಸ್ವಲ್ಪ ಹೊತ್ತು ಮರವನ್ನೇ ನೋಡಿದರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಎಲ್ಲರನ್ನೂ ಬಂಡೆ ಹಿಂದ್ ಕೂರ್ಸ್ಕಣಿ. ನಾನ್ ಬಪ್ಪಲ್ಲಿವರಿಗೆ ಯಾರೂ ಏಳುಕಾಗ."

ನೇರ ಹೋಗಿ ಆ ಐವರ ಎದುರು ನಿಂತರು. ಅವರ ದನಿ ಎಷ್ಟು ಮೆತ್ತಗಿತ್ತೆಂದರೆ ನನಗೇ ಗುರುತು ಸಿಗಲಿಲ್ಲ. "ಇಲ್ಲೆಂತ ಕಾಂತ್ರಿ ಮಕ್ಕಳೆ. ಅತ್ಲಾಯಿ ಹೊಳಿ ಬದಿಯಂಗೆ ಕಪ್ಪೆಬಾಯಿ ಹಕ್ಕಿ ಕೂಕಂಡಿತ್ತ್. ಮರಿ ಹೊಟ್ಟಿ ಅಡಿಗಿತ್ತ್. ಕೈಗ್ ಸಿಕ್ಕುವಷ್ಟ್ ತಗ್ಗಂಗೆ. ಬತ್ತ್ರ್ಯಾ, ತೋರ್ಸ್ತೆ."

ಒಣಗಿದ ಎಲೆಯ ಹಾಗೆ ಹಗಲಿಡೀ ಅಲುಗದೆ ಕೂರುವ ಆ ಹಕ್ಕಿಯ ಹೆಸರು ಕೇಳಿದರೆ ಯಾವ ಕ್ಯಾಮೆರಾದವನೂ ಕೂರುವುದಿಲ್ಲ. ಐವರೂ ಎದ್ದರು. ಹೋದ ಭಾನುವಾರವಷ್ಟೇ, ಕಪ್ಪೆಬಾಯಿ ಈ ಸಲ ಹೊಳೆಬದಿ ಬಿಟ್ಟಿದೆ ಎಂದು ಗುಲಾಬಕ್ಕನೇ ನಮಗೆ ಹೇಳಿದ್ದರು. ಶೀನ ಮಾಷ್ಟ್ರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಬಂಡೆಯ ಹಿಂದೆ ಕೂತೆವು. ಒಂಬತ್ತಾಯಿತು, ಹತ್ತಾಯಿತು. ಬಂಡೆ ಕಾದು ಒರಗಿಕೊಳ್ಳಲು ಆಗುತ್ತಿರಲಿಲ್ಲ. ತಂದಿದ್ದ ನೀರು ಖಾಲಿಯಾಯಿತು. ಜೀರುಂಡೆಗಳ ಸದ್ದು ಬಿಟ್ಟರೆ ಇಡೀ ಕಾಡು ಬಾಯಿ ಮುಚ್ಚಿಕೊಂಡಿತ್ತು. ಒಣಮರದ ಮೇಲಿಂದ ಗಂಡು ಹಕ್ಕಿ ಹಾರಿ ಎಲ್ಲಿಗೋ ಹೋಯಿತು. ಮರಳಿ ಬರದಿದ್ದರೆ ಎಂದು ನಾನು ಅದು ಹೋದ ದಿಕ್ಕನ್ನೇ ನೋಡುತ್ತ ಕೂತೆ. ಒಳಗೆ ತಾಯಿ, ಅದರ ಮರಿ, ಬಾಗಿಲು ಮುಚ್ಚಿಕೊಂಡು ಗಂಡನನ್ನು ನಂಬಿ ಕೂತಿವೆ. ಹೊರಗೆ ಈ ಉರಿಬಿಸಿಲಲ್ಲಿ ಸೋತ ಮೊಣಕಾಲಿನ ಅರವತ್ತೇಳು ವರ್ಷದ ಹೆಂಗಸು ಐದು ಜನರನ್ನು ಇಲ್ಲದ ಹಕ್ಕಿಯ ಹಿಂದೆ ಸುತ್ತಿಸುತ್ತಿದ್ದಾರೆ. ಎರಡಕ್ಕೂ ಕಾರಣ ನನಗೆ ಸಿಕ್ಕಿದ ಒಂದು 'ಗುರುಗಳೇ'.

ಹನ್ನೊಂದು ದಾಟಿದ ಮೇಲೆ ಗಾಳಿ ಸೀಳುವಂಥ ಸದ್ದು ಕೇಳಿತು. ಯಾರೂ ತಲೆ ಅಲ್ಲಾಡಿಸಲಿಲ್ಲ. ಗಂಡು ಬಂದು ಪೊಟರೆಯ ಬಾಯಲ್ಲಿ ಕೂತು ಮೊದಲ ಹಣ್ಣು ಕೊಟ್ಟಿತು. ನಾನು ಎಣಿಸಿದೆ. ಎಣಿಸುವಾಗ ಕಣ್ಣು ಮಂಜಾಗಿ ನಡುವೆ ಒಂದೆರಡು ತಪ್ಪಿ ಹೋಗಿರಬಹುದು. ಇಪ್ಪತ್ತಮೂರು.

ಒಂದು ಗಂಟೆಯ ಹೊತ್ತಿಗೆ ಗುಲಾಬಕ್ಕ ಒಬ್ಬರೇ ಬಂದರು. ಮುಖ ಕಪ್ಪಿಟ್ಟಿತ್ತು, ಸೆರಗು ಒದ್ದೆಯಾಗಿ ತಲೆಗೆ ಅಂಟಿತ್ತು. ಕೂರಲು ಹೋಗಿ ಬಿದ್ದರು. ನನ್ನ ಚೀಲದಲ್ಲಿ ಉಪ್ಪುಸಕ್ಕರೆಯ ಪೊಟ್ಟಣವಿತ್ತು, ನೀರಿರಲಿಲ್ಲ. ಶೀನ ಮಾಷ್ಟ್ರು ಆ ವಯಸ್ಸಿನಲ್ಲಿ ಓಡಿ ಹೋಗಿ ಹತ್ತಿರದ ಮನೆಯಿಂದ ನೀರು ತಂದರು. ಎರಡು ಗುಟುಕು ಕುಡಿದು ಗುಲಾಬಕ್ಕ ಕೇಳಿದ್ದು ಒಂದೇ: "ಬಂದ್ನಾ?"

"ಬಂದ. ಇಪ್ಪತ್ತಮೂರು ಹಣ್ಣು ಕೊಟ್ಟ."

ಕಣ್ಣು ಮುಚ್ಚಿಕೊಂಡರು. ಇನ್ನೆರಡು ಗುಟುಕು ಕುಡಿದು, "ಅವ್ರಿಗ್ ಸಿಟ್ಟ್ ಬಂತ್. ಒಬ್ಬ ಸುಳ್ಳಿ ಅಂದ. ಅಂದ್ಕಣ್ಲಿ, ಹೇಳದ್ದ್ ಸುಳ್ಳೇ ಅಲ್ದಾ," ಎಂದರು. ಆ ಐವರದ್ದೇ ತಪ್ಪೆಂಬಂತೆ ನಾನು ಏನೋ ಬಡಬಡಿಸಿದೆ. ಆಗ ನನ್ನನ್ನು ನೋಡಿದರು.

"ಮೀನಿನ್ ಬುಟ್ಟಿ ಬಾಯಿ ತೆರ್ದಿಟ್ಟ್, ಕಾಕಿ ಬಂತ್ ಅಂದೇಳಿ ಕಾಕಿಗ್ ಬೈದ್ರ್ ಆತ್ತಾ ಮದ್ದಿನಂಗ್ಡಿಯರೆ? ಇನ್ ನಾನ್ ನಿಮ್ಮೊಟ್ಟಿಗೆ ಬತ್ತಿಲ್ಲೆ."

ಬರಲಿಲ್ಲ. ನಡಿಗೆಗೆ ಮಾತ್ರವಲ್ಲ, ಮುಲಾಮಿಗೂ ಬರಲಿಲ್ಲ. ಅವರು ಪ್ರತಿದಿನ ಮೊದಲ ಬಸ್ಸಿಗೆ ಹೋಗಿ ಕಾಲುದಾರಿಯ ಬಾಯಲ್ಲಿ ಕೂರುತ್ತಿದ್ದಾರೆ ಎಂಬ ಸುದ್ದಿಯನ್ನು ಶೀನ ಮಾಷ್ಟ್ರು ತಂದರು. ಮರುದಿನ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಹೋದೆ. ಹಳೆಯ ಬುಟ್ಟಿಯೊಂದನ್ನು ಎದುರಿಟ್ಟುಕೊಂಡು ಕೂತಿದ್ದರು. ಕ್ಯಾಮೆರಾ ಹಿಡಿದ ಇಬ್ಬರು ಬಂದಾಗ, "ಒಳ್ಗ್ ಬಾಣಂತಿ ಇತ್ತ್, ಹೋಪುಕಾಗ," ಎಂದರು. ಯಾರ ಮನೆಯ ಬಾಣಂತಿ ಎಂದು ಕೇಳುವ ಧೈರ್ಯ ಬರದೆ ಅವರು ತಿರುಗಿ ಹೋದರು. ನಾನು ದಾರಿಯ ಇನ್ನೊಂದು ಬದಿಯಲ್ಲಿ ಕೂತೆ. ಬನ್ನಿ ಎನ್ನಲಿಲ್ಲ, ಹೋಗಿ ಎನ್ನಲೂ ಇಲ್ಲ. ಎರಡು ದಿನ ಹೀಗೆಯೇ ಕೂತೆವು. ಆ ದಾರಿಯಲ್ಲಿ ಬಂದ, ಕಾಡಿನ ಮನೆಯೊಂದರ ಹೆಂಗಸು, ಅವರ ಹಳೆಯ ಗಿರಾಕಿ, ನಿಂತು ಕೇಳಿದಳು: "ಗುಲಾಬಕ್ಕ, ನೀವ್ ಸುಳ್ ಹೇಳಿ ಜನ್ರನ್ನ ಬಿಸ್ಲಂಗ್ ತಿರ್ಗ್ಸಿದ್ರಿ ಅಂಬ್ರಲೆ, ಹೌದಾ?"

"ಹೌದ್," ಎಂದರು ಗುಲಾಬಕ್ಕ. ಯಾಕೆಂದು ಹೇಳಲಿಲ್ಲ. ಹೇಳಿದರೆ ಮರದ ಸುದ್ದಿ ಹೇಳಬೇಕಾಗುತ್ತಿತ್ತು. ಆ ಹೆಂಗಸು ಮುಖ ಸಣ್ಣದು ಮಾಡಿಕೊಂಡು ಹೋದಳು. ಕಿವಿರು ಎತ್ತಿ ನೋಡದೆ ಮೀನು ಕೊಂಡವಳು ಅವಳು. ನನಗೆ ಆ ಕ್ಷಣ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮೂರನೆಯ ದಿನ ನನ್ನ ಬದಿಗೆ ಬಿಸಿಲು ಬಂದಾಗ, "ಈಚಿಗ್ ಬನ್ನಿ, ನೆರ್ಳಿತ್ತ್," ಎಂದರು. ಹೋಗಿ ಅವರ ಪಕ್ಕ ಕೂತೆ.

ಮೇ ಮೊದಲ ವಾರ ಹೆಣ್ಣು ಬಾಗಿಲು ಒಡೆದು ಹೊರಗೆ ಬಂತು. ಮಳೆಗೆ ಮುಂಚೆ ಮರಿಯೂ ಹಾರಿತು. ನಾವು ದೂರದಿಂದ ನೋಡಿದೆವು. ಅವತ್ತೇ ಗುಲಾಬಕ್ಕ ಬುಟ್ಟಿ ಎತ್ತಿಕೊಂಡು ಬಸ್ಸು ಹತ್ತಿದರು. ಆಷಾಢದಲ್ಲಿ ಅವರಿಗೆ ಲಕ್ವ ಹೊಡೆದು ಎಡಗೈ ಎಡಗಾಲು ಬಿದ್ದುಹೋಯಿತು. ಸವಿತಾ ಮದ್ದಿಗೆ ಬರುತ್ತಿದ್ದಳು, ಕೊಟ್ಟು ಕಳಿಸುತ್ತಿದ್ದೆ. ಹೋಗಿ ಮುಖ ತೋರಿಸುವ ಧೈರ್ಯ ನನಗೆ ಇರಲಿಲ್ಲ. ಬಿಸಿಲಿನ ಆ ದಿನಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಸವಿತಾ ಹೇಳಿದಳು. ನಂಬಲು ಪ್ರಯತ್ನಪಟ್ಟೆ.

ಜನವರಿ ಕೊನೆಗೆ ಅವರೇ ಹೇಳಿಕಳಿಸಿದರು. ಗಂಗೊಳ್ಳಿಯ ಮನೆಯ ಜಗುಲಿಯಲ್ಲಿ ಮಂಚದ ಮೇಲೆ ಒರಗಿದ್ದರು. ಸವಿತಾ ಒಳಗೆ ಹೋಗುವ ತನಕ ಕಾದು, ಸ್ವಲ್ಪ ತೊದಲುತ್ತ ಹೇಳಿದರು: "ಬಾಣಂತಿ ಕೂಕಂಬು ಹೊತ್ತಾಯ್ತ್. ನಂಗ್ ಹೋಪುಕಾತಿಲ್ಲೆ. ವಾರಕ್ಕೊಂದ್ ಸಲ ಹೋಯಿ ಕಂಡ್ಕಂಡ್ ಬಂದ್ ಹೇಳ್ತ್ರಿಯಾ?"

"ನನ್ನನ್ನು ಯಾಕೆ ಕರೆದಿರಿ ಗುಲಾಬಕ್ಕ? ನಾನೇ ಅಲ್ಲವೇ ಕೆಡಿಸಿದವನು?"

"ಅದ್ಕೇ. ಒಂದ್ ಸಲ ಕೈ ಸುಟ್ಕಂಡವ್ರಿಗೆ ಒಲಿ ಎಲ್ಲಿತ್ತ್ ಅಂದೇಳಿ ಮರಿತಿಲ್ಲೆ."

ನಮ್ಮ ಹಕ್ಕಿ ನಡಿಗೆಯನ್ನು ಶೀನ ಮಾಷ್ಟ್ರಿಗೆ ಒಪ್ಪಿಸಿ, ಅಲ್ಲಿಂದ ಪ್ರತಿ ಭಾನುವಾರ ಹೋದೆ. ಒಬ್ಬನೇ, ಕ್ಯಾಮೆರಾ ಇಲ್ಲದೆ. ಅದೇ ಮರದಲ್ಲಿ ಬಾಗಿಲು ಮೆತ್ತಿತ್ತು. ನೋಡಿ ನೇರ ಗಂಗೊಳ್ಳಿಗೆ ಬಂದು ಮಂಚದ ಹತ್ತಿರ ಕೂರುತ್ತಿದ್ದೆ. ಬಂದನಾ, ಎಷ್ಟು ಹಣ್ಣು, ಇಷ್ಟೇ ಕೇಳುವರು. ಎಲ್ಲಿಗೆ ಹೋಗುತ್ತೇನೆ ಎಂದು ನಡಿಗೆಯ ಗುಂಪಿಗೂ ಹೆಂಡತಿಗೂ ನಾನು ಹೇಳಲಿಲ್ಲ.

ಮಾರ್ಚಿನ ಒಂದು ಭಾನುವಾರ ಬೆಳಗ್ಗೆ ವಂಡ್ಸೆ ದಾಟುವಾಗ ಸವಿತಾಳ ಫೋನು ಬಂತು. ಬೆಳಗಿನ ಜಾವ ಹೋದರಂತೆ. ಬೈಕು ನಿಲ್ಲಿಸಿ ರಸ್ತೆಬದಿಯಲ್ಲಿ ನಿಂತೆ. ತಿರುಗಿಸಬೇಕು ಅನ್ನಿಸಿತು. ಆದರೆ ಬರಿಗೈಯಲ್ಲಿ ಹೋಗಿ ಅವರಿಗೆ ಏನು ಹೇಳುವುದು? ಮುಂದೆಯೇ ಹೋದೆ. ಬಂಡೆಯ ಹಿಂದೆ ಹತ್ತು ನಿಮಿಷ ಎಂದು ಕೂತವನು ಒಂದು ಗಂಟೆ ಕೂತೆ. ಅವರ ಕಾನೂನು ಮುರಿದೆ, ಆದರೆ ಅವನು ಬರುವ ತನಕ ಏಳಲು ಮನಸ್ಸಾಗಲಿಲ್ಲ.

ಗಂಗೊಳ್ಳಿಗೆ ಬರುವಾಗ ಅಂಗಳ ತುಂಬ ಜನ. ಬಾಯಿಗೆ ತುಳಸಿ ನೀರು ಬಿಡಲು ಸಾಲು ನಿಂತಿದ್ದರು. ಕಾಡಿನ ಮನೆಗಳಿಂದಲೂ ಕೆಲವರು ಬಂದಿದ್ದರು. ನನ್ನ ಸರದಿ ಬಂದಾಗ ಬಗ್ಗಿ ಎರಡು ಹನಿ ನೀರು ಬಿಟ್ಟು, ಅವರ ಕಿವಿಯ ಹತ್ತಿರ ಹೇಳಿದೆ: "ಬಂದ ಗುಲಾಬಕ್ಕ. ಹದಿನೆಂಟು."

ತಲೆಯ ಬದಿಯಲ್ಲಿ ಕೂತಿದ್ದ ಸವಿತಾ ಅತ್ತು ಊದಿದ ಮುಖ ಎತ್ತಿ ಕೇಳಿದಳು: "ಯಾರ್ ಬಂದ್ರ್?"

ಅವಳಿಗಾದರೂ ಹೇಳಬಹುದಿತ್ತು. ಆ ಮನೆಯ ಸೊಸೆ, ಎಂಟು ತಿಂಗಳು ಅವರನ್ನು ಮಗುವಿನ ಹಾಗೆ ನೋಡಿಕೊಂಡವಳು. ನಾನು ಎದ್ದು ಹಿಂದಿನವರಿಗೆ ಜಾಗ ಬಿಟ್ಟೆ.

"ಯಾರೂ ಇಲ್ಲ ಸವಿತಾ," ಎಂದೆ.